ಇಜಾಬೆಲ್ಲಾಳ ಮೂರು ಸೆಕೆಂಡು

ಜಿದ್ದಾದ ಒಂದು ಕಂಪನಿ ಕಾಂಪೌಂಡಿನ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ಇಜಾಬೆಲ್ಲಾಳಿಗೆ ತಿಳಿಯದ ವಿಷಯಗಳೂ ಲೋಕದಲ್ಲಿ ಇದ್ದವು. ಆದರೆ ಅವು ಯಾವುವೆಂದು ಆಕೆ ಯಾರಿಗೂ ಹೇಳಿದ್ದಿಲ್ಲ. ಅಮೆರಿಕದವರ ಫುಟ್‌ಬಾಲನ್ನಂತೂ ಎರಡೇ ಶುಕ್ರವಾರ ಕುರ್ಚಿ ಹಾಕಿ ಕುಳಿತು ಅರೆದು ಕುಡಿದಿದ್ದಳು.

ಹೆಸರಿಗೆ ಫುಟ್‌ಬಾಲ್, ಆಟವೆಲ್ಲ ಕೈಯಲ್ಲೇ. ಚೆಂಡು ಹಿಡಿದು, ಮುಂದೆ ಓಡುವ ಗೆಳೆಯರಿಗೆ ಎಸೆಯುವವನು ಕ್ವಾರ್ಟರ್‌ಬ್ಯಾಕ್. ಎದುರಾಳಿಗಳು ತಮ್ಮ ಜಾಗ ಬಿಟ್ಟು ಒಟ್ಟಿಗೆ ಅವನ ಮೇಲೆಯೇ ನುಗ್ಗಿದರೆ ಅದು ಬ್ಲಿಟ್ಜ್. ಮಕ್ಕಳ ಆಟವಾದ್ದರಿಂದ ಕೆಡವುವ ಹಾಗಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಪಟ್ಟಿ ಕಿತ್ತರೆ ಮುಗಿಯಿತು. ಆ ತೊಂಬತ್ನಾಲ್ಕರ ಚಳಿಗಾಲದಲ್ಲಿ ಅತಿ ಹೆಚ್ಚು ಪಟ್ಟಿ ಕಳೆದುಕೊಂಡವನು ಹದಿನಾಲ್ಕರ ಡ್ಯಾರೆನ್, ಇಜಾಬೆಲ್ಲಾಳ ತಂಗಿ ಶರೋನಳ ಮಗ. ಮೂವರು ನುಗ್ಗಿದರೆ ಸಾಕು, ಚೆಂಡನ್ನು ಎದೆಗವಚಿಕೊಂಡು ಹಿಂದೆ ಹಿಂದೆ ಓಡಿ ಬೇಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ.

"ಎಂತ ಮಾರಾಯ ಅದು? ಹದ್ದು ಬಂದಾಗ ಹೇಂಟೆ ಮರಿಯನ್ನು ಮುಚ್ಚಿಕೊಂಡ ಹಾಗೆ!" ಆಟ ಸೋತು ಬಂದವನನ್ನು ಇಜಾಬೆಲ್ಲಾ ಹಿಡಿದು ನಿಲ್ಲಿಸಿದಳು.

"ಮಾವ್ಶಿ, ನಿಮಗೆ ಗೊತ್ತಾಗುವುದಿಲ್ಲ. ಬ್ಲಿಟ್ಜ್ ಓದಬೇಕು ಅಂತಾರೆ ಕೋಚ್."

"ಓದುವುದಕ್ಕೆ ಅದೇನು ಪರೀಕ್ಷೆಯಾ? ಮೂರು ಜನ ನಿನ್ನ ಮೇಲೆ ಬಂದರೆ, ಆ ಮೂವರು ನಿಂತಿದ್ದ ಜಾಗದಲ್ಲಿ ಯಾರಿದ್ದಾರೆ?"

ಡ್ಯಾರೆನ್ ಯೋಚಿಸಿದ. "ಯಾರೂ ಇಲ್ಲ."

"ಹಾಗಾದರೆ ಚೆಂಡು ಅಲ್ಲಿಗೆ ಹೋಗಬೇಕು. ತ್ರೋಬಾಲಿನಲ್ಲಿ ನಾವು ಮಾಡಿದ್ದು ಇದನ್ನೇ. ಹಿಡಿದ ಚೆಂಡು ಮೂರು ಸೆಕೆಂಡಿನೊಳಗೆ ಕೈಬಿಡಬೇಕು, ಖಾಲಿ ಜಾಗ ನೋಡಿ ಬಿಡಬೇಕು."

ಪಕ್ಕದಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದ ಗಂಡ ಇಗ್ನೇಶಿಯಸ್ ನಿಟ್ಟುಸಿರು ಬಿಟ್ಟ. ಕಾನ್ವೆಂಟ್ ಶಾಲೆಯ ತ್ರೋಬಾಲ್ ತಂಡಕ್ಕೆ ಆಕೆ ನಾಯಕಿಯಾಗಿದ್ದ ಕಥೆಯನ್ನು ಮದುವೆಯಾದಂದಿನಿಂದ ಕೇಳುತ್ತ ಬಂದವನು ಆತ. ಆ ತಂಡ ಗೆದ್ದ ಫೈನಲಿನ ಅಂತರ ವರ್ಷಕ್ಕೊಂದು ಅಂಕದಂತೆ ಬೆಳೆಯುತ್ತಿದ್ದುದನ್ನೂ ಬಲ್ಲ. ಆದರೆ ಈ ಸಲ ಕಥೆ ಕೇಳಿದಷ್ಟಕ್ಕೆ ಪಾರಾಗಲಿಲ್ಲ.

"ನೀವು ನಿಟ್ಟುಸಿರು ಬಿಡುವುದು ಬೇಡ. ನಾಳೆಯಿಂದ ನುಗ್ಗುವವರು ನೀವೇ," ಎಂದಳು ಇಜಾಬೆಲ್ಲಾ.

ಮರುದಿನ ಸಂಜೆ ಕ್ಲಿನಿಕ್ಕಿನ ಹಿಂದಿನ ಬಯಲಿನಲ್ಲಿ ಇಗ್ನೇಶಿಯಸ್ ಮತ್ತು ಡ್ಯಾರೆನನ ಅಪ್ಪ ಸನ್ನಿ ಅಕ್ಕಪಕ್ಕ ನಿಂತರು. ಇಬ್ಬರ ಹೊಟ್ಟೆಯೂ ಅವರಿಗಿಂತ ಒಂದು ಹೆಜ್ಜೆ ಮುಂದೆ ನಿಂತಿತ್ತು. ಇಜಾಬೆಲ್ಲಾ ಒಂದು, ಎರಡು ಎಂದು ಎಣಿಸುವಾಗ ಅವರು ನುಗ್ಗಬೇಕು, ಮೂರರೊಳಗೆ ಹುಡುಗ ಎಸೆಯಬೇಕು. ಮೊದಲ ಚೆಂಡು ಕ್ಲಿನಿಕ್ಕಿನ ಏಸಿಗೆ ಬಡಿಯಿತು. ಎರಡನೆಯದು ಅಪ್ಪನ ಮೂಗಿಗೆ.

ಹುಡುಗನ ಮುಖವನ್ನೇ ನೋಡುತ್ತಿದ್ದ ಇಜಾಬೆಲ್ಲಾಳಿಗೆ ರೋಗ ಗೊತ್ತಾಯಿತು. ಅವನ ಕಣ್ಣು ನುಗ್ಗುವವರ ಮೇಲೆಯೇ ನೆಟ್ಟಿತ್ತು, ಎಸೆಯುವ ಗಳಿಗೆಗೆ ಮುಚ್ಚಿಯೇ ಹೋಗುತ್ತಿತ್ತು. ಇಂಜೆಕ್ಷನ್ನಿಗೆ ಬಂದವರೆಲ್ಲ ಮಾಡುವುದು ಇದನ್ನೇ.

"ಸೂಜಿ ನೋಡಬೇಡ ಮಗಾ," ಎಂದಳು ಮೆಲ್ಲಗೆ. ಆ ದನಿ ರೋಗಿಗಳಿಗೆ ಮಾತ್ರ ಸಿಗುತ್ತಿದ್ದದ್ದು, ಗಂಡನಿಗೆ ಅಪರೂಪ. "ಗೋಡೆಯ ಮೇಲಿನ ಕ್ಯಾಲೆಂಡರ್ ನೋಡು. ಇವರು ಬರಲಿ, ಬರುವುದು ಅವರ ಕೆಲಸ. ನೀನು ಅವರ ಹಿಂದಿನ ಜಾಗ ನೋಡು."

ನಾಲ್ಕು ಸಂಜೆ ಕಳೆಯುವುದರೊಳಗೆ ಚೆಂಡು ಸನ್ನಿ ಬಿಟ್ಟುಬಂದ ಜಾಗಕ್ಕೇ ಹೋಗಿ ಬೀಳತೊಡಗಿತು.

ಶುಕ್ರವಾರದ ಆಟದಲ್ಲಿ ಮೂವರು ನುಗ್ಗಿದರು. ಡ್ಯಾರೆನ್ ಕಣ್ಣು ಮುಚ್ಚಲಿಲ್ಲ, ಚೆಂದವಾಗಿ ಎಸೆದ. ಚೆಂಡು ಖಾಲಿ ಜಾಗಕ್ಕೆ ಹೋಗಿ, ಖಾಲಿ ಜಾಗದಲ್ಲೇ ಬಿದ್ದು ಉರುಳಿತು. ಹಿಡಿಯಬೇಕಾದ ಫವಾಝ್ ದೂರದಲ್ಲಿ ಬೆನ್ನು ಹಾಕಿ ಓಡುತ್ತಲೇ ಇದ್ದ. ಕಾಂಪೌಂಡಿನ ಅಂಗಡಿ ನಡೆಸುತ್ತಿದ್ದ ಭಟ್ಕಳದವರ ಮಗ ಆತ. ಅವನಿಗೊಂದು ಮಾತು ಹೇಳಬೇಕೆಂದು ಇಜಾಬೆಲ್ಲಾಳಿಗೆ ಹೊಳೆದೇ ಇರಲಿಲ್ಲ.

"ಎಸೆಯುವುದು ಕಲಿಸಿದೆ, ಹಿಡಿಯುವವನನ್ನು ಮರೆತೆ," ಎಂದ ಇಗ್ನೇಶಿಯಸ್, ಬಹಳ ಸಂತೋಷದಿಂದ.

ವಿರಾಮದಲ್ಲಿ ಇಜಾಬೆಲ್ಲಾ ಹುಡುಗರಿಬ್ಬರನ್ನೂ ಕರೆದಳು. "ಫವಾಝ್, ಅವರು ನುಗ್ಗಿದರೆ ಡ್ಯಾರೆನ್ ಕೂಗುತ್ತಾನೆ. ನೀನು ಓಡುವುದು ಬಿಟ್ಟು ಅವರು ಬಿಟ್ಟ ಜಾಗಕ್ಕೆ ತಿರುಗಬೇಕು."

"ಎಂತ ಕೂಗುವುದು ಆಂಟಿ? ಅರಬಿಯಲ್ಲಿ ಯಲ್ಲಾ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ."

ಡ್ಯಾರೆನನ ಕೊಂಕಣಿ ಫವಾಝನಿಗೆ ಬಾರದು, ಫವಾಝನ ನವಾಯತಿ ಡ್ಯಾರೆನನಿಗೆ ಬಾರದು. ಇಂಗ್ಲಿಷ್ ಎದುರಿನವರ ಸ್ವತ್ತು. ಇಬ್ಬರಿಗೂ ಬಂದು ಎದುರಿನವರಿಗೆ ಬಾರದ್ದು ಊರಿನ ಕನ್ನಡವೊಂದೇ. ಇಜಾಬೆಲ್ಲಾ ಒಂದು ಗಳಿಗೆ ಯೋಚಿಸಿ, "ಮಾರಾಯ ಅನ್ನು," ಎಂದಳು.

ಮತ್ತೆ ಮೂವರು ನುಗ್ಗಿದರು. "ಮಾರಾಯಾ!" ಎಂಬ ಕೂಗು ಮೈದಾನದ ಮೇಲೆ ಹಾಯಿತು. ಫವಾಝ್ ಗಕ್ಕನೆ ತಿರುಗಿದ, ಚೆಂಡು ಬಂದು ಅಂಗೈಗೆ ಕೂತಿತು. ಅವನ ಮುಂದೆ, ದಾಟಿದರೆ ಅಂಕ ಸಿಗುವ ಕೊನೆಯ ಗೆರೆಯವರೆಗೂ, ನರಪಿಳ್ಳೆ ಇರಲಿಲ್ಲ. ಹೀಗೇ ಎರಡು ಸಲ ಆಯಿತು. ಆಮೇಲೆ ಎದುರಾಳಿಗಳು ನುಗ್ಗುವುದನ್ನೇ ಬಿಟ್ಟರು. ಕೆಲವೇ ಅಂಕಗಳಿಂದ ಸೋತರೂ ಡ್ಯಾರೆನ್ ಬೇಲಿಯ ಕಡೆಗೆ ಒಮ್ಮೆಯೂ ಓಡಲಿಲ್ಲ.

ಆಟ ಮುಗಿದ ಮೇಲೆ ಅಮೆರಿಕದ ಕೋಚ್ ನೇರ ಬಂದು ಇಗ್ನೇಶಿಯಸ್ಸನ ಕೈ ಕುಲುಕಿದ. ಹುಡುಗನನ್ನು ಬಹಳ ಚೆನ್ನಾಗಿ ತಯಾರು ಮಾಡಿದ್ದೀರಿ ಎಂದ. ಇಗ್ನೇಶಿಯಸ್ ಹೆಂಡತಿಯ ಕಡೆ ನೋಡಿದ. ನಿಜ ಹೇಳಲು ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಹೊಗಳಿಕೆ ರುಚಿಯೆನಿಸಿ, "ಥ್ಯಾಂಕ್ಯೂ" ಎಂದುಬಿಟ್ಟ.

ಆ ರಾತ್ರಿ ಇಗ್ನೇಶಿಯಸ್ಸನ ತಟ್ಟೆಗೆ ಮೀನುಸಾರು ಬೀಳಲಿಲ್ಲ. ಶನಿವಾರ ಬೆಳಿಗ್ಗೆ ಶರೋನ್ ಹೋಗಿ ಕೋಚಿಗೆ ವಿಷಯ ತಿಳಿಸಿದಳು. ಸಂಜೆಗೆ ಆತ ತನ್ನದೇ ಒಂದು ಸೀಟಿಯನ್ನು ಕ್ಲಿನಿಕ್ಕಿಗೆ ತಂದು ಇಜಾಬೆಲ್ಲಾಳಿಗೆ ಕೊಟ್ಟ. ಅದನ್ನು ಊದಲು ಕಾಂಪೌಂಡಿನಲ್ಲಿ ಬೇರೆ ಯಾರಿಗೂ ಅವಕಾಶ ಸಿಗಲಿಲ್ಲ.