ನಾಲ್ಕನೇ ಮಹಡಿಯ ಕೋಣೆ

ಮನೆ ಇಷ್ಟವಾದರೂ ಮುಖದಲ್ಲಿ ತೋರಿಸಬೇಡಿ. ಮಲೇಶಿಯಾದ ಪುಚೊಂಗ್‌ಗೆ ಹೊಸದಾಗಿ ಬಂದಿಳಿಯುವ ನಮ್ಮವರಿಗೆ ನಾನು ಹೇಳುವ ಮೊದಲ ಮಾತು ಇದು. ಅಡುಗೆಮನೆ ನೋಡಿ ‘ಅಬ್ಬಾ’ ಅಂದಿರೋ, ಓನರ್ ಅಲ್ಲೇ ಗೆದ್ದ. ನಲ್ಲಿ ತಿರುಗಿಸಿ, ಫ್ಯಾನ್ ಹಾಕಿ, ಗೋಡೆಯ ತೇವ ಮುಟ್ಟಿ ನೋಡಿ, ಸುಮ್ಮನೆ ‘ಹ್ಞೂಂ’ ಅನ್ನಿ. ಒಂದು ವಾರ ಕಾಯಿಸಿ. ಫೋನ್ ಅವರೇ ಮಾಡುತ್ತಾರೆ.

ಮನೆ ಹುಡುಕಿಕೊಡುವ ಕೆಲಸಕ್ಕೆ ನನ್ನನ್ನು ಯಾರೂ ನೇಮಿಸಿದ್ದಲ್ಲ, ನಾನೇ ಮಾಡಿಕೊಂಡದ್ದು. ನನ್ನ ಗಂಡನಿಗೆ ಕಂಪನಿಯವರು ಬಾಂಗ್ಸಾರ್‌ನಲ್ಲಿ ಕುರ್ಚಿ ಮೇಜು ಕೊಟ್ಟಿದ್ದರು, ತಲೆಯ ಮೇಲೊಂದು ಸೂರು ಕೊಟ್ಟಿರಲಿಲ್ಲ. ಬರುವಾಗ ನನ್ನ ಹತ್ತಿರ ಇದ್ದದ್ದು ರಾಣೆಬೆನ್ನೂರಿನ ಸಂತೆಯಲ್ಲಿ ಅವ್ವನ ಹಿಂದೆ ಓಡಾಡಿ ಕಲಿತ ಚೌಕಾಸಿ ಒಂದೇ. ಅದರಲ್ಲೇ ನಮ್ಮ ಮನೆ ಗಿಟ್ಟಿಸಿದೆ, ಆಮೇಲೆ ಪಕ್ಕದವರದ್ದು, ಆಮೇಲೆ ನಿಲಾಯ್ ಕಾಲೇಜಿಗೆ ಪಾಠ ಮಾಡಲು ಬಂದ ಉಡುಪಿಯ ಡಾಕ್ಟರರದ್ದು. ವಾಪಸ್ ಊರಿಗೆ ಹೋಗುವವರು ಬಿಟ್ಟುಹೋಗುವ ಹಾಸಿಗೆ, ಮಿಕ್ಸಿ, ಮಕ್ಕಳ ಸೈಕಲ್ಲುಗಳನ್ನು ವಿಲೇವಾರಿ ಮಾಡುವುದೂ ನನ್ನ ಪಾಲಿಗೇ ಬಂತು. ಅವನ್ನು ಕಾರಿಗೆ ತುಂಬಿಕೊಂಡು ಅರ್ಧ ಗಂಟೆ ದೂರದ ದಿಕ್ಕಿಲ್ಲದ ಮಕ್ಕಳ ಒಂದು ಹೋಮ್‌ಗೆ ಕೊಟ್ಟು ಬರುತ್ತಿದ್ದೆ. ಎರಡು ಮನೆಗಳ ನಡುಗೋಡೆ ಒಡೆದು ಒಂದು ಮಾಡಿದ ಜಾಗ. ಹಿಂದೆ ಬಟ್ಟೆ ಒಣಗಿಸುವ ಅಂಗಳ, ಅದರ ಮೂಲೆಯಲ್ಲೊಂದು ನೀಲಿ ನೀರಿನ ಟ್ಯಾಂಕ್. ನಡೆಸುತ್ತಿದ್ದವರು ತಮಿಳಿನ ಹೆಂಗಸು. ಮಕ್ಕಳೆಲ್ಲ ಅವರನ್ನು ಅಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಆ ಹೋಮ್‌ನ ಹಿರಿಯ ಹುಡುಗಿಗೆ ಹದಿನೆಂಟು ತುಂಬುವುದರಲ್ಲಿತ್ತು. ಹದಿನೆಂಟಾದ ಮೇಲೆ ಅಲ್ಲಿ ಇರುವ ಹಾಗಿಲ್ಲ. ಅವಳ ತಂಗಿಗೆ ಒಂಬತ್ತು. ವರ್ಷಗಳ ಹಿಂದೆ ತಂಗಿಯನ್ನು ಸೊಂಟದ ಮೇಲೆ ಎತ್ತಿಕೊಂಡೇ ಅವಳು ಆ ಗೇಟು ದಾಟಿ ಬಂದದ್ದು. ಹುಡುಗಿಗೆ ಬೇಕಾಗಿದ್ದದ್ದು ಒಂದೇ: ನಡೆದು ಬರುವಷ್ಟು ಹತ್ತಿರ ಒಂದು ಕೋಣೆ. ದಿನಾ ಸಂಜೆ ಬಂದು ತಂಗಿಯ ತಲೆ ಬಾಚಬೇಕು, ಹೋಂವರ್ಕ್ ನೋಡಬೇಕು, ಮುಂದೊಂದು ದಿನ ಅವಳನ್ನು ತನ್ನ ಹತ್ತಿರವೇ ಕರೆದುಕೊಳ್ಳಬೇಕು.

ನಗರಸಭೆ ಅಂದರೆ ನನಗೆ ಗೊತ್ತಿದ್ದದ್ದು ಕಸದ ಲಾರಿ, ಪಾರ್ಕಿಂಗ್ ದಂಡ, ಅಂಗಡಿ ಲೈಸೆನ್ಸು. ಇಂಥ ಮಕ್ಕಳಿಗೂ ಅದಕ್ಕೂ ಏನು ಸಂಬಂಧ ಅಂದೆ. ಅಮ್ಮ ಬಿಡಿಸಿ ಹೇಳಿದರು. ಮಗುವಿನ ಫೈಲು ಇರುವುದು ಸರ್ಕಾರದ ಕಲ್ಯಾಣ ಇಲಾಖೆಯಲ್ಲಿ. ಆದರೆ ಹೋಮ್ ಬಿಟ್ಟ ಮಾರನೇ ದಿನ ಬೇಕಾಗುವ ಸೂರು, ಬಸ್ಸು, ಕೆಲಸ, ಇವೆಲ್ಲ ಇರುವುದು ಊರಿನ ಸಭೆಯ ಕೈಯಲ್ಲಿ. ಆ ಊರಿನ ನಗರಸಭೆಯ ಒಬ್ಬ ಅಧಿಕಾರಿಣಿ ಹಟ ಹಿಡಿದು, ಸಭೆಯ ಕಡಿಮೆ ಬಾಡಿಗೆಯ ಫ್ಲ್ಯಾಟುಗಳಲ್ಲಿ ಕೆಲವು ಕೋಣೆಗಳನ್ನು ಹೋಮ್ ಬಿಡುವ ಮಕ್ಕಳಿಗೆ ಅಂತ ಎತ್ತಿಡಿಸಿದ್ದರು. ಜೊತೆಗೆ ಸಭೆಯ ಶಿಶುವಿಹಾರದಲ್ಲಿ ಒಂದು ಕೆಲಸ. ತಿಂಗಳಿಗೊಮ್ಮೆ ಫೋನ್ ಮಾಡಿ, ಊಟ ಮಾಡ್ತಿದ್ದೀಯಾ, ಕರೆಂಟ್ ಬಿಲ್ ಕಟ್ಟಿದೆಯಾ ಅಂತ ಕೇಳುವವರು ಒಬ್ಬರು. ಕಾನೂನಲ್ಲಿ ಬರೆದದ್ದಲ್ಲ, ಆ ಹೆಂಗಸಿನ ಹಟದಿಂದ ನಿಂತದ್ದು. ಅಂಥದಕ್ಕೆ ಕಾಗದದ ಮೇಲಿನ ಸಹಿಯೊಂದೇ ಬಲ ಅಂತ ನನಗೆ ಆಗ ಹೊಳೆಯಲಿಲ್ಲ.

“ನಿಮಗೆ ಮಾತು ಚೆನ್ನಾಗಿ ಬರುತ್ತೆ, ಅವಳ ಜೊತೆ ನೀವು ಹೋಗಿ,” ಅಂದರು ಅಮ್ಮ. ನಾನು ಉಬ್ಬಿಹೋದೆ.

ಕಾರಿನಲ್ಲಿ ಹುಡುಗಿಗೆ ನನ್ನ ಹರಕು ತಮಿಳಿನಲ್ಲಿ ಪಾಠ ಶುರು ಮಾಡಿದೆ. ಕೋಣೆ ನೋಡಿದ್ದೀಯಾ ಅಂದೆ. ಅಧಿಕಾರಿಣಿಯೇ ಕರೆದುಕೊಂಡು ಹೋಗಿ ತೋರಿಸಿದರು, ನಾಲ್ಕನೇ ಮಹಡಿ, ತುಂಬಾ ಚೆನ್ನಾಗಿದೆ ಆಂಟಿ ಅಂದಳು. ಲಿಫ್ಟ್ ಇದೆಯಾ? ಇಲ್ಲ. ಒಬ್ಬಳಿಗೇನಾ? ಇನ್ನೊಬ್ಬ ಹುಡುಗಿಯ ಜೊತೆ. ನನಗೆ ಅಷ್ಟು ಸಾಕಾಗಿತ್ತು. ಎರಡು ಕೊರತೆ ಸಿಕ್ಕಿದರೆ ನಾನು ಯಾವ ಓನರನ್ನೂ ಕುರ್ಚಿಯಿಂದ ಎಬ್ಬಿಸಬಲ್ಲೆ.

“ಚೆನ್ನಾಗಿದೆ ಅನ್ನೋ ಮಾತನ್ನ ಅಲ್ಲಿ ಎತ್ತಲೇಬೇಡ,” ಅಂದೆ. “ಇಷ್ಟ ಅಂತ ಗೊತ್ತಾದ್ರೆ ಮುಗೀತು.”

ಅವಳು ತಲೆ ಆಡಿಸಿದಳು. ಹೇಳಿದ್ದನ್ನು ಕೇಳಿ ಬೆಳೆದ ಹುಡುಗಿ.

ಅಧಿಕಾರಿಣಿ ತಲೆಗೆ ವಸ್ತ್ರ ಸುತ್ತಿದ್ದ ಮಲಯ್ ಹೆಂಗಸು, ನನಗಿಂತ ಚಿಕ್ಕವರು. ನನ್ನನ್ನು ‘ಕಾಕ್’ ಅಂದರು, ಅಂದರೆ ಅಕ್ಕ. ಫಾರಂ ತುಂಬಿಸಿಯೇ ಇಟ್ಟಿದ್ದರು. ಹುಡುಗಿ ಪೆನ್ನು ಎತ್ತಿಕೊಂಡಳು. ನಾನು ಕಾಗದದ ಮೇಲೆ ಅಂಗೈ ಇಟ್ಟೆ.

ಮಾತು ಶುರು ಮಾಡಿದೆ. ಒಂಟಿ ಹುಡುಗಿ, ಲಿಫ್ಟ್ ಇಲ್ಲದ ನಾಲ್ಕು ಮಹಡಿ, ಗುರುತಿಲ್ಲದವಳ ಜೊತೆ ಪಾಲು. ಕೆಳಗಿನ ಮಹಡಿಯಲ್ಲಿ ಒಬ್ಬಳಿಗೇ ಒಂದು ಕೋಣೆ ಕೊಡಿ. ಕೆಳಗಿನವು ವಯಸ್ಸಾದವರಿಗೆ, ನಡೆಯಲಾಗದವರಿಗೆ ಅಂತ ಅವರು ತಾಳ್ಮೆಯಿಂದ ಹೇಳಿದರು. ಹಾಗಾದರೆ ಇವೆ ಅಂತಾಯಿತಲ್ಲ ಅಂದೆ. ಅವರು ನಕ್ಕರು. ಕೇಳಿ ನೋಡುತ್ತೇನೆ ಅಂದರು.

“ಆದ್ರೆ ಇವತ್ತು ಸಹಿ ಹಾಕಲಿ, ಕಾಕ್. ಬದಲಾಯಿಸೋದು ಆಮೇಲೆ ಮಾಡಬಹುದು.”

ಇದೇ ಮಾತನ್ನು ನಾನು ಎಷ್ಟೋ ಓನರುಗಳ ಬಾಯಲ್ಲಿ ಕೇಳಿದ್ದೆ. ಇವರೂ ಹಾಗೇ ಅಂದುಕೊಂಡೆ. ಎದುರಿಗೆ ಕೂತವರು ಏನನ್ನೂ ಮಾರುತ್ತಿಲ್ಲ, ಕೊಡುತ್ತಿದ್ದಾರೆ ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ. ಮುಂದಿನ ವಾರ ಬರುತ್ತೇವೆ ಅಂದು ಎದ್ದೆ. ಹುಡುಗಿ ಪೆನ್ನಿನ ಮುಚ್ಚಳ ಹಾಕಿ ಫಾರಂ ಪಕ್ಕಕ್ಕೆ ನೆಟ್ಟಗೆ ಇಟ್ಟು ಬಂದಳು. ದಾರಿಯಲ್ಲಿ ಮಾಮಕ್ ಅಂಗಡಿಯಲ್ಲಿ ರೊಟ್ಟಿ ತಿಂದೆವು, ಅವಳ ತಂಗಿಗೂ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿದೆ. ಗುರುವಾರದ ಹೊತ್ತಿಗೆ ಅವರೇ ಫೋನ್ ಮಾಡ್ತಾರೆ ನೋಡು ಅಂತ ಧೈರ್ಯ ಹೇಳಿದೆ. ಧೈರ್ಯ ಬೇಕಾಗಿದ್ದದ್ದು ಅವಳಿಗಲ್ಲ.

ಗುರುವಾರ ಬರುವ ಮೊದಲೇ ಪ್ರಧಾನಿ ಟಿವಿಯಲ್ಲಿ ಬಂದು ದೇಶದ ಬಾಗಿಲು ಹಾಕಿದರು. ಕೊರೊನಾ ಲಾಕ್‌ಡೌನಿಗೆ ಇಲ್ಲಿ ಇಟ್ಟ ಹೆಸರು, ಎಂಸಿಓ ಅನ್ನುವ ಮೂರಕ್ಷರ, ಎಲ್ಲರ ಬಾಯಿಗೂ ಬಂತು. ನಗರಸಭೆಯ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಕೆಲವು ವಾರಗಳಾದ ಮೇಲೆ ಅಧಿಕಾರಿಣಿ ತಮ್ಮ ಮನೆಯಿಂದ ತಾವೇ ಕರೆ ಮಾಡಿದರು. ಬೀದಿಯಲ್ಲಿ ಮಲಗುವವರನ್ನು, ಊರಿಗೆ ಹೋಗಲಾಗದೆ ಸಿಕ್ಕಿಕೊಂಡವರನ್ನು ಖಾಲಿ ಕೋಣೆಗಳಲ್ಲಿ ಇರಿಸಬೇಕಾಗಿ ಬಂತಂತೆ. ಸಹಿ ಆಗಿದ್ದ ಕೋಣೆಗಳನ್ನು ಮಾತ್ರ ಮುಟ್ಟಲಿಲ್ಲವಂತೆ.

“ಸಹಿ ಒಂದು ಇದ್ದಿದ್ರೆ ನಾನು ಹಿಡಿದುಕೊಳ್ತಿದ್ದೆ, ಕಾಕ್.”

ಅವರ ದನಿಯಲ್ಲಿ ಆಕ್ಷೇಪಣೆ ಇದೆಯೇನೋ ಅಂತ ಕಿವಿಗೊಟ್ಟು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ವಾದ ಮಾಡಬಹುದಿತ್ತು.

ಹದಿನೆಂಟು ತುಂಬಿತು. ಅಮ್ಮ ಅವಳನ್ನು ಇನ್ನಷ್ಟು ದಿನ ಇಟ್ಟುಕೊಂಡರು. ಆದರೆ ಹೊರಗೆ ದುಡಿಯಲು ಹೋದವರು ಸಂಜೆ ಒಳಗೆ ಬರುವ ಹಾಗಿರಲಿಲ್ಲ, ಚಿಕ್ಕಮಕ್ಕಳು ಇರುವ ಜಾಗ. ಕ್ಲಾಂಗ್ ಕಡೆಯ ಒಂದು ಗ್ಲೌಸ್ ಕಾರ್ಖಾನೆ ಹಾಸ್ಟೆಲ್ ಕೊಟ್ಟು ಜನ ತೆಗೆದುಕೊಳ್ಳುತ್ತಿತ್ತು. ಹುಡುಗಿ ಅಲ್ಲಿಗೆ ಹೋದಳು. ಅವಳಿಗೆ ಕೆಳಗಿನ ಹಾಸಿಗೆಯೇ ಬೇಕು ಅಂತ ನಾನು ಸೂಪರ್‌ವೈಸರ್ ಜೊತೆ ಫೋನಿನಲ್ಲಿ ಜಗಳ ಆಡಿ ಗೆದ್ದೆ. ಎಂಥ ಗೆಲುವು.

ನಿಮ್ಮ ಮನೆಗೇ ಕರೆತರಬಹುದಿತ್ತಲ್ಲ ಅಂತ ನೀವು ಕೇಳಬಹುದು. ನನ್ನ ಮಗಳೂ ಕೇಳಿದಳು. ನಾನು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಇದನ್ನು ಮಾತ್ರ ಕನ್ನಡದಲ್ಲೇ ಕೇಳಿದಳು. ಒಂದು ಕೋಣೆಯಲ್ಲಿ ಅಪ್ಪನ ಆಫೀಸು, ಇನ್ನೊಂದರಲ್ಲಿ ನಿನ್ನ ಕ್ಲಾಸು, ದಾರಿಯುದ್ದಕ್ಕೂ ಪೊಲೀಸರ ತಡೆ ಅಂದೆ. ಎಲ್ಲವೂ ನಿಜ. ಮುಂದಿನ ತಿಂಗಳು ನೋಡೋಣ ಅಂತ ಅಮ್ಮನಿಗೂ ಅಂದಿದ್ದೆ. ಅಲ್ಲಿಯೂ ನಾನು ಕಾಯಿಸಿದ್ದೇ.

ಭಾನುವಾರ ಅಮ್ಮನ ಫೋನಿನಲ್ಲಿ ಅಕ್ಕ ತಂಗಿ ಮುಖ ನೋಡುತ್ತಿದ್ದರು. ಮೊದಮೊದಲು ತಂಗಿ ತನ್ನ ಚಿತ್ರಗಳನ್ನೆಲ್ಲ ಹಿಡಿದು ತೋರಿಸುತ್ತಿದ್ದಳಂತೆ. ಆಮೇಲಾಮೇಲೆ ಫೋನು ಕೊಟ್ಟರೆ ಹಲೋ ಅಂದು ಆಟಕ್ಕೆ ಓಡುತ್ತಿದ್ದಳಂತೆ. ಮರುವರ್ಷ ದೂರದ ಇಪೊಹ್ ಕಡೆಯ ಗಂಡ ಹೆಂಡತಿ ಇಬ್ಬರು ಅವಳನ್ನು ಸಾಕಲು ಮುಂದೆ ಬಂದರು. ಒಳ್ಳೆಯ ಜನ. ಅವಳನ್ನು ಕರೆದೊಯ್ದ ವಾರ ಅಕ್ಕನ ಹಾಸ್ಟೆಲಿನಲ್ಲಿ ಸೋಂಕು ಬಂದು ಬಾಗಿಲು ಹಾಕಿದ್ದರು. ಅಮ್ಮ ಗೇಟಿನಲ್ಲಿ ಫೋನು ಎತ್ತಿ ಹಿಡಿದು ಕಾರು ತಿರುಗುವವರೆಗೆ ತೋರಿಸಿದರು.

ಅಕ್ಕನಿಗೆ ಆ ಊರಲ್ಲೇ ಒಂದು ವಿಳಾಸ ಇದ್ದಿದ್ದರೆ ಏನಾಗುತ್ತಿತ್ತು ಅಂತ ಅಮ್ಮನನ್ನು ಕೇಳಿದೆ, ಕೇಳಬಾರದಿತ್ತು. “ಇಲಾಖೆಯವರು ಮೊದಲು ಅವಳನ್ನೇ ಕೇಳ್ತಿದ್ರು,” ಅಂದರು.

ಎಲ್ಲ ತೆರೆದುಕೊಂಡ ಮೇಲೆ ಆ ಅಧಿಕಾರಿಣಿ ಮರೆಯದೆ ಅಮ್ಮನಿಗೆ ಫೋನ್ ಮಾಡಿದರು. ಅದೇ ಕಟ್ಟಡದಲ್ಲಿ, ಅದೇ ಮಹಡಿಯಲ್ಲಿ ಒಂದು ಕೋಣೆ ಖಾಲಿಯಾಗಿದೆ, ಹುಡುಗಿಗೆ ಈಗಲೂ ಬೇಕಾ? ಬೇಕು ಅಂದಳಂತೆ. ಆಮೇಲೆ ನನಗೆ ಫೋನ್ ಮಾಡಿ, ಬರ್ತೀರಾ ಆಂಟಿ ಅಂದಳು. ಕ್ಷಮಿಸಿದ್ದಾಳೆ ಅಂದುಕೊಂಡು ಹೋದೆ.

ಅದೇ ಮೇಜು, ನಡುವೆ ಒಂದು ಪ್ಲಾಸ್ಟಿಕ್ ಹಾಳೆ, ಮೂವರಿಗೂ ಮಾಸ್ಕು. ಶಿಶುವಿಹಾರದ ಕೆಲಸ ಈಗ ಇಲ್ಲ ಅಂದರು ಅಧಿಕಾರಿಣಿ. ನಾನು ಬಾಯಿ ತೆರೆದೆ. ಹುಡುಗಿ ನನ್ನ ಮೊಣಕೈ ಮೇಲೆ ಕೈಯಿಟ್ಟಳು.

“ಆಂಟಿ, ಇವತ್ತು ನೀವು ಮಾತಾಡಬೇಡಿ.”

ಸಹಿ ಹಾಕಿದಳು. ಫಾರಂ ನನ್ನ ಕಡೆ ತಿರುಗಿಸಿ ಸಾಕ್ಷಿಯ ಜಾಗ ಬೆರಳಿಟ್ಟು ತೋರಿಸಿದಳು. ಕರೆದದ್ದು ಅದಕ್ಕೆ. ಹಾಕಿದೆ.

ಅವಳು ಕೋಣೆ ಸೇರಿದ ವಾರ ನೋಡಲು ಹೋದೆ. ನಾಲ್ಕು ಮಹಡಿ ಹತ್ತುವಾಗ ಮೂರು ಕಡೆ ನಿಂತೆ. ಯಾವ ಮನೆಯನ್ನೂ ನೋಡದೆ ಮಾತಾಡಬೇಡಿ ಅಂತ ಊರಿಗೆಲ್ಲ ಹೇಳುವವಳು, ಆ ಮೆಟ್ಟಿಲುಗಳನ್ನು ಎರಡು ವರ್ಷದ ಹಿಂದೆ ಒಮ್ಮೆಯೂ ಹತ್ತಿರಲಿಲ್ಲ. ಅವಳು ಬಾಯಲ್ಲಿ ಹೇಳಿದ್ದಷ್ಟೇ ಕೇಳಿಕೊಂಡು ಕೊರತೆ ಎಣಿಸಿದ್ದೆ. ಕೋಣೆ ಚಿಕ್ಕದು, ಎರಡು ಮಂಚ, ಗಾಳಿ ಚೆನ್ನಾಗಿತ್ತು. ಕಿಟಕಿ ತೆರೆದಳು. ಸಾಲು ಹೆಂಚುಗಳ ಆಚೆ ಒಂದು ನೀಲಿ ಟ್ಯಾಂಕ್, ಅದರ ಪಕ್ಕ ಬಟ್ಟೆ ಒಣಗಿಸುವ ಅಂಗಳ, ಅಲ್ಲಿ ಸ್ಕೂಲ್ ಯೂನಿಫಾರಂ ಹಾಕಿದ ಮಕ್ಕಳು ಓಡಾಡುವುದು ಕಾಣುತ್ತಿತ್ತು. ಯಾರು ಯಾರ ಚೀಲ ಎಳೆಯುತ್ತಿದ್ದಾರೆ ಅನ್ನುವುದೂ ಕಾಣುವಷ್ಟು ಹತ್ತಿರ.

“ಅವತ್ತೇ ಹೇಳೋಣ ಅಂತಿದ್ದೆ,” ಅಂದಳು. “ಇಷ್ಟ ಅಂತ ತೋರಿಸಬಾರದು ಅಂದಿದ್ರಲ್ಲ.”

ನಾನು ಹೊಸಬರಿಗೆ ಈಗಲೂ ಮನೆ ಹುಡುಕಿಕೊಡುತ್ತೇನೆ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಇಂಥ ಮಕ್ಕಳ ಕೈಹಿಡಿದು ನಗರಸಭೆಯ ಮೆಟ್ಟಿಲು ಹತ್ತುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಅವರಿಗೆ ಬೇರೆ ಮಾತು. ಮೊದಲು ಸಹಿ ಹಾಕಿಸಿ. ಜಾಣತನವನ್ನು ಕಾರಿನಲ್ಲೇ ಬಿಟ್ಟು ಬನ್ನಿ. ಮಗು ಚೆನ್ನಾಗಿದೆ ಅಂದರೆ ಯಾಕೆ ಚೆನ್ನಾಗಿದೆ ಅಂತ ಒಂದು ಸಲ ಕೇಳಿ. ಅಷ್ಟು ಕೇಳಲು ನನಗೆ ಅರ್ಧ ನಿಮಿಷ ಸಾಕಿತ್ತು.

ಪಾಲಿಗೆ ಇನ್ನೂ ಯಾರೂ ಬಂದಿರಲಿಲ್ಲ, ಎರಡನೇ ಮಂಚಕ್ಕೆ ಅವಳು ಆಗಲೇ ಹೂವಿನ ಚಿತ್ರದ ಹೊದಿಕೆ ಹಾಸಿದ್ದಳು. ತಂಗಿ ಯಾವಾಗ ಬರ್ತಾಳೆ ಅಂದೆ. ಶಾಲೆ ರಜೆಗೆ ಕಳಿಸಿ ಅಂತ ಸಾಕುತ್ತಿರುವವರನ್ನು ಕೇಳಿದ್ದಾಳಂತೆ, ಅವರು ಒಪ್ಪಿದ್ದಾರಂತೆ.

“ಅವಳನ್ನೂ ಕೇಳಿದೆ,” ಅಂದಳು, ಹೊದಿಕೆಯ ಸುಕ್ಕು ಸವರುತ್ತಾ. “ನೋಡೋಣ ಅಂದಳು.”

ಆ ಮಾತನ್ನು ನಾನು ಯಾರಿಗೆಲ್ಲ ಹೇಳಿದ್ದೇನೆ, ಯಾವ ಅರ್ಥದಲ್ಲಿ ಹೇಳಿದ್ದೇನೆ ಅನ್ನುವುದು ನನಗೆ ಗೊತ್ತು. ಬರ್ತಾಳೆ ಬಿಡು ಅಂದೆ. ಅವಳು ಕಿಟಕಿ ಮುಚ್ಚಲಿಲ್ಲ.