ಗಿಡಕ್ಕೆ ಉಪವಾಸ

ನಾಗಪುರದಲ್ಲಿ ಕಿತ್ತಳೆ ಗಿಡ ಹೂ ಬಿಡಬೇಕಾದರೆ ಮೊದಲು ಅದನ್ನು ಬಾಯಾರಿಸಬೇಕು. ಚಳಿಗಾಲದಲ್ಲಿ ನೀರು ನಿಲ್ಲಿಸಿ, ಎಲೆ ಬಾಡಿದ ಮೇಲೆ ಬುಡ ಕೆದರಿ ಬೇರಿಗೆ ಬಿಸಿಲು ತೋರಿಸಿ, ಆಮೇಲೆ ಗೊಬ್ಬರ ಹಾಕಿ ಒಮ್ಮೆಲೇ ನೀರು ಬಿಡಬೇಕು. ಆಗ ಗಿಡ ಮೈತುಂಬ ಹೂ ಬಿಡುತ್ತದೆ. ಇಷ್ಟನ್ನು ನಮ್ಮ ಅವ್ವನಿಗೆ ತಿಳಿಸಿ ಹೇಳುವುದರಲ್ಲಿ ನನ್ನ ಅರ್ಧ ಆಯುಷ್ಯ ಸವೆಯಿತು.

ಐವತ್ತರ ದಶಕದ ಮಾತು. ಸಿವಿಲ್ ಲೈನ್ಸಿನ ಕಚೇರಿಯೊಂದಕ್ಕೆ ಗುಮಾಸ್ತನಾಗಿ ವರ್ಗವಾದಾಗ ಅವ್ವನನ್ನೂ ಧಾರವಾಡದಿಂದ ಕರೆತಂದಿದ್ದೆ. ಬಾಡಿಗೆ ಮನೆಯ ಹಿತ್ತಲಲ್ಲಿ ಇದ್ದದ್ದು ಒಂದೇ ಕಿತ್ತಳೆ ಗಿಡ, ಅದೂ ಎರಡು ವರ್ಷದಿಂದ ಹೂ ಬಿಟ್ಟಿರಲಿಲ್ಲ. ಈ ಸಲವೂ ಬಿಡದಿದ್ದರೆ ಕಡಿಸಿ ಅಲ್ಲಿ ಬಚ್ಚಲು ಕಟ್ಟಿಸುತ್ತೇನೆಂದು ಮನೆಯ ಮಾಲೀಕರು ಹೇಳಿಬಿಟ್ಟಿದ್ದರು. ನನಗೆ ಆ ಗಿಡದ ಮೇಲೆ ಜೀವ. ರವಿವಾರ ಅದರ ನೆರಳಲ್ಲಿ ಕುರ್ಚಿ ಹಾಕಿ ಕೂತರೆ ಮಾತ್ರ ಪರವೂರೆಂಬುದು ಮರೆಯುತ್ತಿತ್ತು.

ಡಿಸೆಂಬರಿನಲ್ಲಿ ನೀರು ನಿಲ್ಲಿಸಿದೆ. ಜನವರಿ ಮುಗಿಯುತ್ತ ಬಂದರೂ ಎಲೆ ಬಾಡಲೊಲ್ಲದು! ಗುದ್ದಲಿ ಹಾಕಿ ನೋಡಿದರೆ ಮಣ್ಣು ಒದ್ದೆ. ಮರುದಿನ ಬೆಳಿಗ್ಗೆ ಕಾದು ನಿಂತೆ. ಅವ್ವ ಪೂಜೆ ಮುಗಿಸಿ, ಅಭಿಷೇಕದ ನೀರನ್ನೂ, ಅದು ಸಾಲದೆಂದು ಒಂದು ಕೊಡ ನಳದ ನೀರನ್ನೂ ತಂದು ಬುಡಕ್ಕೆ ಸುರಿದಳು.

"ಅವ್ವಾ, ಏನ ಮಾಡ್ಲಿಕ್ಕತ್ತಿ?" ಎಂದು ಕೂಗಿದೆ.

"ದೇವರ ನೀರು ಮಂದಿ ತುಳಿಯೋ ಜಾಗಾಕ್ಕ ಚೆಲ್ಲಲೇನು?"

"ದೇವರ ನೀರು ಒಂದ ತಂಬಗಿ. ಈ ಕೊಡ ಯಾವ ದೇವರದು?"

"ಬಾಯಿಲ್ಲದ ಜೀವ, ತಮ್ಮಾ. ನಿಮ್ಮ ನಾಗಪುರದಾಗ ಗಿಡಕ್ಕೂ ಉಪಾಸ ಹಾಕ್ತೀರೇನು?"

ಪಕ್ಕದ ಮನೆಯ ಮುದಿ ಮಾಲಿಯನ್ನು ಕರೆತಂದು ಮರಾಠಿಯಲ್ಲಿ ಹೇಳಿಸಿದೆ. "ಬರೋಬರ್, ಬರೋಬರ್" ಎಂದು ಅವ್ವ ತಲೆಯಾಡಿಸಿದಳು. ದೇವರ ನೀರಿಗೆಂದೇ ಒಂದು ದಾಸವಾಳದ ಕುಂಡ ತಂದಿಟ್ಟೆ. ಮೂರು ದಿನ ಎಲ್ಲ ಸರಿಯಿತ್ತು, ನಾಲ್ಕನೆಯ ದಿನ ಬುಡ ಮತ್ತೆ ಒದ್ದೆ. ನನಗೆ ತಲೆ ಕೆಟ್ಟುಹೋಯಿತು.

"ಈ ಗಿಡಾ ಕಡಿಸಿದ್ರ ಪಾಪ ನಿನಗಽ ಬರ್ತದ, ನೋಡು!" ಎಂದು ಚೀರಿದೆ.

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಂದಿನಿಂದ ಅವಳು ಗಿಡದ ಹತ್ತಿರ ಸುಳಿಯಲಿಲ್ಲ. ಆದರೆ ಹೊತ್ತು ಮೀರಿತ್ತು. ಎಲೆ ಬಾಡುವಷ್ಟರಲ್ಲಿ ಫೆಬ್ರುವರಿ ಕಳೆದು ಬಿಸಿಲು ಏರಿತು. ಗೊಬ್ಬರ ಹಾಕಿ ನೀರು ಬಿಟ್ಟೆ. ಚಿಗುರು ಬಂತು, ಹೂ ಒಂದೂ ಇಲ್ಲ. ಹೋಳಿ ಮುಗಿದ ವಾರ ಮಾಲೀಕರು ಕೊಡಲಿ ಕೊಟ್ಟು ಇಬ್ಬರನ್ನು ಕಳಿಸಿದರು.

ಅಂದು ಅವ್ವ ಊಟ ಮಾಡಲಿಲ್ಲ. ಸಮಾಧಾನ ಹೇಳಲು ಬಂದ ಮಾಲಿಗೆ ತನ್ನ ಹರಕುಮುರುಕು ಮರಾಠಿಯಲ್ಲಿ, ಮಗ ನೀರು ಹಾಕಗೊಡಲಿಲ್ಲ, ಅದಕ್ಕೇ ಗಿಡ ಹೋಯಿತು ಎಂದಳು. ನನಗೆ ಮೈಯೆಲ್ಲ ಉರಿಯಿತು. ಆದರೂ ಅವಳ ಮುಖ ನೋಡಿ, ಒಳಗಿನಿಂದ ಕುರ್ಚಿ ತಂದು ಮಾಲಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಬಂದವಳು ದಾಸವಾಳದ ಕುಂಡವನ್ನು ದಾಟಿ, ಕಡಿದ ಬೊಡ್ಡೆಯ ಮುಂದೆ ತಂಬಿಗೆ ಹಿಡಿದು ನಿಂತಳು. ನನ್ನ ಕಡೆ ತಿರುಗಿ ಕೇಳಿದಳು:

"ಈಗರೆ ಹಾಕ್ಲೇನಪಾ?"

"ಹಾಕವ್ವಾ" ಎಂದೆ.