ಅಕ್ಕ ಹೊಲಿದ ಇಲಾಸ್ಟಿಕ್ ಪ್ಯಾಂಟು

“ಹಾಕ್ಕೊಂಡು ನೋಡಲೇ ತಮ್ಮಾ, ಇಲಾಸ್ಟಿಕ್ ಕೂಡ್ಸೂದು ನಾನೂ ಕಲ್ತೀನಿ” ಎಂದು ಕುರುಗೋಡಿನ ತನ್ನ ಮನೆಯಲ್ಲಿ ಅಕ್ಕ ಹೊಸ ಪ್ಯಾಂಟೊಂದನ್ನು ನನ್ನ ಕೈಗಿಟ್ಟಳು.

ಬಳ್ಳಾರಿಯ ಜೀನ್ಸ್ ಕಾರ್ಖಾನೆಯಲ್ಲಿ ನಾನು ಮೇಸ್ತ್ರಿ. ಅಕ್ಕ ಅಲ್ಲೇ ಜಿಪ್ ಹೊಲಿಯುತ್ತಿದ್ದಳು. ಕೊರೊನಾದಲ್ಲಿ ಜನ ಮನೆಯಲ್ಲೇ ಉಳಿದ ಮೇಲೆ ಜಿಪ್ ಇಲ್ಲದ ಇಲಾಸ್ಟಿಕ್ ಪ್ಯಾಂಟುಗಳಿಗೇ ಬೇಡಿಕೆ ಬಂತು. ಅಕ್ಕನಿಗೆ ಕಲಿಸುವ ತಾಳ್ಮೆ ನನಗಿರಲಿಲ್ಲ. ಬೇರೆಯವರನ್ನು ಸೇರಿಸಿಕೊಂಡು ಅವಳನ್ನು ಕೆಲಸ ಬಿಡಿಸಿದೆ. ಮಾಲೀಕರ ಮೇಲೆ ಹಾಕಿ, “ಸಾವ್ಕಾರ್ರು ನಿನ್ನ ಬ್ಯಾಡಂದ್ರು” ಎಂದು ಅವಳಿಗೆ ಸುಳ್ಳು ಹೇಳಿದ್ದೆ.

“ಇದನ್ನ ಸಾವ್ಕಾರ್ರಿಗೆ ತೋರ್ಸು. ಈಗರ ಕರೀತಾರೇನು ಕೇಳು” ಎಂದಳು.

ಅಳತೆ ತೆಗೆಯದೆ ಹೊಲಿದಿದ್ದರೂ ಪ್ಯಾಂಟು ನನ್ನ ಸೊಂಟಕ್ಕೆ ಸರಿಯಾಗಿ ಕೂತಿತು.

ಸಾವುಕಾರರು ಬೇಡವೆಂದಿರಲೇ ಇಲ್ಲ. ಅದನ್ನು ಅವಳೆದುರು ಹೇಳಲು ನನಗಿನ್ನೂ ಬಾಯಿ ಬಂದಿಲ್ಲ. ಈ ಪತ್ರಿಕೆ ಅಕ್ಕನ ಮನೆಗೂ ಬರುತ್ತದೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.